ಚಿಕ್ಕಪ್ಪನ ಕದಲದ ಚುಕ್ಕಿಗಳು

ಕಾಮಗೆರೆಯ ನಮ್ಮ ಚಿಕ್ಕಪ್ಪನಿಗೆ ಹುಚ್ಚು ಎಂದು ವಾದಿಸಲು ನನಗೆ ಮೂರು ನಿಮಿಷ ಸಾಕು. ಹುಚ್ಚಿಲ್ಲ ಎಂದು ವಾದಿಸಲೂ ಅಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎರಡೂ ಕಡೆ ನಿಂತು ಗೆದ್ದವನು ನಾನು. ಆದರೆ ಹಸುಗಳಿಗೆ ಇಂಜೆಕ್ಷನ್ ಹಾಕಿ ಗಬ್ಬ ಕಟ್ಟಿಸುವ ಮನುಷ್ಯ ತನ್ನ ಹೊಸ ಮೊಬೈಲಿನ ಕ್ಯಾಮೆರಾದಿಂದ ಲೆನ್ಸನ್ನೇ ಕಿತ್ತು ಬಿಸಾಡಿದರೆ ಏನನ್ನಬೇಕು!

"ಇದು ಓಲೋಗ್ರಾಂ ಮೈಕ್ರೋಸ್ಕೋಪು ಕಣ್ಲಾ. ಲೆನ್ಸೇ ಬ್ಯಾಡ" ಎಂದ, ಹೊಲೊಗ್ರಾಮನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು.

ಕೊಳ್ಳೇಗಾಲದಿಂದ ತಂದ ಲೇಸರ್, ಬೆಳಕು ಹಾಯಲು ಮಾತ್ರೆ ಪಟ್ಟಿಯ ಬೆಳ್ಳಿಹಾಳೆಯಲ್ಲಿ ಸೂಜಿತೂತು, ಗಾಜಿನ ಮೇಲೆ ಹೋರಿಯ ವೀರ್ಯದ ಒಂದು ಹನಿ, ಅದರಡಿ ಆ ಕುರುಡು ಕ್ಯಾಮೆರಾ. ಪರದೆಯಲ್ಲಿ ಕಂಡದ್ದು ಬರೀ ಬಳೆಯಾಕಾರದ ಗೆರೆಗಳು!

"ಇದ್ರಲ್ಲಿ ಜೀವ ಎಲ್ಲದೆ ಚಿಕ್ಕಪ್ಪ? ರಂಗೋಲಿ!"

"ಕೆರೆಗೆ ಕಲ್ಲಾಕುದ್ರೆ ಅಲೆ ಏಳಾಕಿಲ್ವಾ? ಆ ಅಲೆ ನೋಡಿ ಕಲ್ಲು ಎಲ್ಲದೆ, ಎಷ್ಟ್ ಆಳ್ದಲ್ಲದೆ ಅಂತ ಕಂಪ್ಯೂಟ್ರು ಲೆಕ್ಕ ಆಕ್ತದೆ."

ಲೆಕ್ಕ ಮುಗಿದಾಗ ಒಂದೊಂದು ವೀರ್ಯಕೋಶದ ಹಿಂದೆಯೂ ಅದು ಓಡಿದ ದಾರಿ ತೋರಿಸುವ ಒಂದೊಂದು ಬಣ್ಣದ ನೂಲು. ಹನೂರು ಬಸ್ಸು ಕಂಡೊಡನೆ ಜನ ನುಗ್ಗುವಂತೆ ಮೇಲೆ, ಕೆಳಗೆ, ಒಂದರ ಮೇಲೊಂದು! ನಾನು ಸೋತೆ, ಒಪ್ಪಲಿಲ್ಲ.

"ಕಂಪ್ಯೂಟ್ರು ಸುಮ್ನೆ ಗೀಚ್ತಿಲ್ಲ ಅನ್ನಕ್ಕೆ ಏನ್ ಸಾಕ್ಷಿ? ಓಡ್ದೆ ಇರೋದ್ನೂ ತೋರ್ಸು."

"ಅದೂ ಅದೆ ಕಣ್ಲಾ. ಭಾನ್ವಾರ ಬಾ. ನಿಮ್ಮಜ್ಜಿ ಮುಂದೇನೆ ತೋರುಸ್ತೀನಿ."

ನನ್ನ ಅನುಮಾನದ ಬುದ್ಧಿ ಅಜ್ಜಿಯಿಂದ ಬಂದದ್ದು. ಮದುವೆಯಾಗಿ ಒಂಬತ್ತು ವರ್ಷವಾದರೂ ಬಸಿರಾಗದ ಚಿಕ್ಕಮ್ಮನನ್ನು ಬೈಯುವುದು ಅವಳಿಗೆ ನಿತ್ಯಪೂಜೆ. ಮುಂದಿನ ವಾರ ಯಳಂದೂರಿನಲ್ಲಿ ನಮ್ಮ ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರ; ಚಿಕ್ಕಮ್ಮ ತೊಟ್ಟಿಲು ಮುಟ್ಟಕೂಡದು ಎಂದು ಆಗಲೇ ಅಪ್ಪಣೆಯಾಗಿತ್ತು. ಕೊರತೆ ತನ್ನದೆಂದು ಚಿಕ್ಕಪ್ಪ ಆಸ್ಪತ್ರೆಯ ರಿಪೋರ್ಟು ತೋರಿಸಿದ್ದಕ್ಕೆ, "ಎಂಡ್ತಿ ಮಾನ ಉಳ್ಸಕ್ಕೆ ಕಾಗ್ದ ಬರುಸ್ಕಂಡ್ ಬಂದಿದ್ದೀಯ. ನಾ ಕಣ್ಣಾರ ನೋಡ್ಬೇಕು" ಎಂದಿದ್ದಳಂತೆ.

ಭಾನುವಾರ ಮೊದಲು ಹೋರಿಯ ಹನಿ. ಅಜ್ಜಿ ಬಾಯಿ ಬಿಟ್ಟಳು: "ಅಬ್ಬಬ್ಬಾ, ಏನ್ ದಾಂದ್ಲೆನಪ್ಪ!"

ಆಮೇಲೆ ಇನ್ನೊಂದು ಹನಿ. ಅದೇ ಲೇಸರ್, ಅದೇ ಲೆಕ್ಕ. ಚುಕ್ಕಿಗಳೇನೋ ಇದ್ದವು, ಒಂದರ ಹಿಂದೆಯೂ ನೂಲಿಲ್ಲ.

"ಇದ್ಯಾವ್ ಬಡಪಾಯಿ ಓರೀದ್ಲಾ?"

"ನಂದು ಕಣವ್ವ."

ಅಜ್ಜಿ ಪರದೆಯನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು. ಎದ್ದುಹೋದಳು.

ಯಳಂದೂರಿನಲ್ಲಿ ಚಿಕ್ಕಮ್ಮ ಬಾಗಿಲ ಮರೆಯಲ್ಲೇ ನಿಂತಿದ್ದಳು. ಹೆಂಗಸರೆಲ್ಲ ಸೇರಿದ ಮೇಲೆ ಅಜ್ಜಿಯ ದನಿ ಕೇಳಿಸಿತು: "ಅಲ್ಯಾಕವ್ವಾ ನಿಂತಿದ್ದೀ? ನೀ ಬಂದು ತೂಗೂ ಗಂಟ ಯಾರೂ ತೊಟ್ಲು ಮುಟ್ಟಂಗಿಲ್ಲ!"

ಚಿಕ್ಕಮ್ಮ ತೂಗಿದಳು. ಚಿಕ್ಕಪ್ಪ ಫೋಟೋ ತೆಗೆಯಲು ಮೊಬೈಲು ಎತ್ತಿದ. ಅದರಲ್ಲಿ ಲೆನ್ಸೇ ಇರಲಿಲ್ಲ. ಆದರೂ ಶಾಸ್ತ್ರ ಮುಗಿಯುವವರೆಗೆ ಅವಳತ್ತಲೇ ಹಿಡಿದುಕೊಂಡು ನಿಂತಿದ್ದ.