ಟೊಪ್ಪಿಗೆ ಬೆಣ್ಣೆಯ ಬೋರ್ಡು

ಕಳೆದುಹೋದ ವಸ್ತುವನ್ನು ಹುಡುಕುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಅವರು ಕಣ್ಣೆದುರಿಗೇ ಇರುವ ವಸ್ತುವನ್ನು ಹುಡುಕಿ ನೋಡಿಲ್ಲ. ಅದಕ್ಕೆ ಬೇಕಾಗುವ ಶ್ರಮವೇ ಬೇರೆ. ಮುಖ ಸಪ್ಪಗೆ ಮಾಡಿಕೊಳ್ಳಬೇಕು, ಅಟ್ಟದ ಕಡೆ ನೋಡಿ ನಿಟ್ಟುಸಿರು ಬಿಡಬೇಕು, ಅಂಗೈಗೆ ಒಂದಿಷ್ಟು ಧೂಳು ಹಚ್ಚಿಕೊಂಡಿರಬೇಕು. ನಾನು ಏಳನೆಯ ಇಯತ್ತೆಯಲ್ಲಿ ನಪಾಸಾಗಿ ಸಾಲಿ ಬಿಟ್ಟವನು. ಶಹಾಪುರದ ಮಾರುಕಟ್ಟೆಯ ಹಿಂದೆ ಹಗ್ಗ, ಗೋಣಿದಾರ, ಪೊರಕೆ ಮಾರುತ್ತೇನೆ. ಬೇರೆ ಯಾವ ವಿದ್ಯೆಯೂ ನನಗೆ ಹತ್ತಲಿಲ್ಲ. ಈ ಸುಳ್ಳು ಹುಡುಕಾಟದಲ್ಲಿ ಮಾತ್ರ ಕೈ ಪಳಗಿದೆ. ನಾನು ಹೀಗೆ ಹುಡುಕುತ್ತಿದ್ದದ್ದು ಒಂದು ತಗಡಿನ ಬೋರ್ಡನ್ನು. ಅದನ್ನು ಕೇಳುತ್ತಿದ್ದವಳು ಹುಣಸಗಿಯಲ್ಲಿ ಮಗನ ಮನೆಯಲ್ಲಿರುವ ನನ್ನ ಅಕ್ಕ.

ಬೋರ್ಡು ನಮ್ಮ ಅಜ್ಜನ ಕಾಲದ್ದು. ಸುರಪುರದಲ್ಲಿ ಅಜ್ಜನಿಗೆ ಕಿರಾಣಿ ಅಂಗಡಿ ಇತ್ತು. ನಿಜಾಮರ ಆಳ್ವಿಕೆಯಲ್ಲಿ ವಿಲಾಯತಿ ಬೆಣ್ಣೆಯೊಂದು ಡಬ್ಬಿಯೊಳಗೆ ಕೂತು, ಹಡಗಿನಲ್ಲಿ ಮುಂಬಯಿಗೆ, ರೈಲಿನಲ್ಲಿ ಯಾದಗಿರಿಗೆ, ಅಲ್ಲಿಂದ ಚಕ್ಕಡಿಯಲ್ಲಿ ಸುರಪುರಕ್ಕೆ ಬರುತ್ತಿತ್ತಂತೆ. ಮನೆಗೊಂದು ಎಮ್ಮೆ ಇದ್ದ ಊರಿಗೆ ಸಮುದ್ರ ದಾಟಿಸಿ ಬೆಣ್ಣೆ ತರಿಸಲು ಅಜ್ಜನಿಗೆ ಧೈರ್ಯ ಹೇಗೆ ಬಂತೋ ಗೊತ್ತಿಲ್ಲ. ಬೆಣ್ಣೆಯ ಜೊತೆ ಕಂಪನಿಯವರು ಗಾಜಿನಂತೆ ಹೊಳೆಯುವ ಹಳದಿ ಬೋರ್ಡೊಂದನ್ನೂ ಕಳಿಸಿದರು. ಬಿಳಿ ಟೊಪ್ಪಿಗೆ ಹಾಕಿದ ದೊರೆಸಾನಿಯೊಬ್ಬಳು ಬೆಣ್ಣೆ ಸವರಿದ ಬ್ರೆಡ್ಡಿನ ತಟ್ಟೆ ಚಾಚಿ ನಗುತ್ತಾಳೆ. ಅವಳ ಹಿಂದೆ ನಮ್ಮ ಸೀಮೆ ಎಂದೂ ಕಾಣದಷ್ಟು ಹಸಿರು ಹುಲ್ಲು, ಅದರಲ್ಲಿ ನಮ್ಮ ಸೀಮೆ ಎಂದೂ ಕಾಣದಷ್ಟು ದಪ್ಪ ಆಕಳು. ಮೇಲೆ ಇಂಗ್ಲಿಷು, ನಡುವೆ ಉರ್ದು, ಕೆಳಗೆ ಕನ್ನಡದಲ್ಲಿ ಮೂರು ಸಾಲು: ‘ಶುದ್ಧ ಬೆಣ್ಣೆ. ಕೈ ಮುಟ್ಟದ ಬೆಣ್ಣೆ. ಸಕಲ ಋತುಗಳಿಗೂ ಒಂದೇ ಬೆಣ್ಣೆ.’ ಕಂಪನಿಯ ಹೆಸರು ಯಾರ ನಾಲಿಗೆಗೂ ಬಗ್ಗಲಿಲ್ಲ. ಊರವರು ಟೊಪ್ಪಿಗಿ ಬೆಣ್ಣಿ ಎಂದರು, ಅದೇ ನಿಂತಿತು.

ಸಕಲ ಋತು ಎಂದು ಬರೆಸಿದವನು ಸುರಪುರದ ಬೇಸಿಗೆ ಕಂಡಿರಲಿಲ್ಲ. ಡಬ್ಬಿ ತೆರೆದರೆ ಬೆಣ್ಣೆ ಎಣ್ಣೆಯಾಗಿ ಹರಿಯುತ್ತಿತ್ತು. ಆದರೆ ವ್ಯಾಪಾರ ಮುಳುಗಿದ್ದು ಬಿಸಿಲಿನಿಂದಲ್ಲ, ಒಂದು ಮದುವೆಯಿಂದ. ನಮ್ಮಲ್ಲಿ ಬೆಣ್ಣೆ ಕಂಡ ಹೆಂಗಸು ಮೊದಲು ಮಾಡುವ ಕೆಲಸ ಅದನ್ನು ಕಾಸುವುದು. ಮದುವೆಮನೆಯಲ್ಲಿ ತುಪ್ಪ ಸಾಲದೆ ಬಂದಾಗ ಅಜ್ಜನ ಡಬ್ಬಿಗಳನ್ನು ಒಯ್ದು ಕಾಸಿ, ತಳಕ್ಕೆ ಇಳಿದದ್ದರ ಸಮೇತ ಹೋಳಿಗೆಯ ಮೇಲೆ ಸುರಿದರು. ವಿಲಾಯತಿಯವರು ಬೆಣ್ಣೆಗೆ ಉಪ್ಪು ಬೆರೆಸುತ್ತಾರೆಂದು ಯಾರಿಗೆ ಗೊತ್ತಿತ್ತು? ಬೀಗರು ಒಂದೊಂದು ತುತ್ತು ತಿಂದು ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಹೆಣ್ಣಿನ ತಂದೆ ಅಂಗಡಿಗೆ ಬಂದು ಕೂಗಾಡಿದರೆ ಅಜ್ಜ ಬೋರ್ಡು ತೋರಿಸಿ, “ಕಂಪನಿಯವ್ರು ಕೈ ಮುಟ್ಟಿಲ್ಲಂತ ಬರದಾರ. ನಾಲಿಗಿನೂ ಮುಟ್ಟಿಲ್ಲ ಕಾಣಸ್ತದ” ಎಂದನಂತೆ. ಆಮೇಲೆ ಬೆಣ್ಣೆ ಬರಲಿಲ್ಲ. ಖಾಲಿ ಡಬ್ಬಿಗಳು ಬೇಳೆ ಅಳೆಯುವ ಮಾಪುಗಳಾದವು. ಬೋರ್ಡು ಮಾತ್ರ ಉಳಿಯಿತು.

ಅದು ಉಳಿದದ್ದರಿಂದ ಅಕ್ಕನಿಗೆ ಅಕ್ಷರ ಬಂತು. ನನ್ನನ್ನು ಸಾಲಿಗೆ ಹಾಕಿದರು, ಅವಳನ್ನು ಅಂಗಡಿಯಲ್ಲಿ ಅಜ್ಜನ ಕೈಕೆಳಗೆ ಕೂರಿಸಿದರು. ಅವಳು ಕೂತಲ್ಲೇ ಆ ಮೂರು ಸಾಲುಗಳನ್ನು ಬೆರಳಿನಿಂದ ತಿದ್ದಿ ತಿದ್ದಿ ಕಲಿತಳು. ತನ್ನ ಹೆಸರು ಬರೆಯುವ ಮೊದಲು ‘ಬೆಣ್ಣೆ’ ಬರೆದಳು. ನಾನು ಅಷ್ಟು ವರ್ಷ ಸಾಲಿಗೆ ಹೋಗಿಯೂ ‘ಋ’ ಬರೆಯುವಾಗ ತಡವರಿಸುತ್ತೇನೆ, ಅವಳು ಕಣ್ಣು ಮುಚ್ಚಿ ಬರೆಯುತ್ತಾಳೆ.

ರಸ್ತೆ ಅಗಲ ಮಾಡುವಾಗ ಸುರಪುರದ ಅಂಗಡಿ ಕೆಡವಿದರು. ಒಳಗಿನ ಸಾಮಾನುಗಳನ್ನೆಲ್ಲ ನಾನು ಶಹಾಪುರಕ್ಕೆ ತಂದೆ. ಅಕ್ಕ ಹುಣಸಗಿಯಿಂದ ಬಂದು, “ನನಗ ಬ್ಯಾರೆ ಏನೂ ಬ್ಯಾಡ ತಮ್ಮಾ, ಆ ಬೋರ್ಡೊಂದು ಕೊಡು. ಮೊಮ್ಮಗಳು ಕೇಳ್ತಾಳ, ಅಜ್ಜಿ ನಿನ್ನ ಸಾಲಿ ಎಲ್ಲದ ಅಂತ. ತೋರಿಸಬೇಕಲ್ಲ” ಎಂದಳು. ಆ ದಿನ ಬೋರ್ಡು ನಿಜವಾಗಿಯೂ ಸಿಕ್ಕಿರಲಿಲ್ಲ. “ಹುಡುಕಾಕತ್ತೇನಿ ಅಕ್ಕಾ” ಎಂದೆ. ಬಂದವಳು ಸುಮ್ಮನೆ ಹೋಗಲಿಲ್ಲ. ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಮಾಡಿದಳು, ನನ್ನ ಕೌದಿ ಬಿಸಿಲಿಗೆ ಹಾಕಿದಳು, ನನ್ನ ಅಂಗಿಯ ಕಾಲರ್ ನೋಡಿ, “ಇದನ್ನ ಒಗೀತೀಯೋ ಒಲಿ ಒರಸ್ತೀಯೋ” ಎಂದು ಬೈದಳು. ಹೆಂಡತಿ ತೀರಿದ ಮೇಲೆ ನನ್ನನ್ನು ಹಾಗೆ ಬೈದವರಿರಲಿಲ್ಲ. ಮರುದಿನ ಹಗ್ಗದ ಸುರುಳಿಗಳ ಕೆಳಗೆ ಬೋರ್ಡು, ಅದನ್ನು ಗೋಡೆಗೆ ಬಿಗಿಯುವ ತಿರುಪುಮೊಳೆಗಳ ಸಮೇತ, ಸಿಕ್ಕಿತು. ಅಕ್ಕನಿಗೆ ಹೇಳೋಣವೆಂದು ಫೋನು ಎತ್ತಿಕೊಂಡೆ. ಸ್ವಲ್ಪ ಹೊತ್ತು ಹಿಡಿದುಕೊಂಡು ಕೆಳಗಿಟ್ಟೆ.

ಬೋರ್ಡು ಸಿಗುವವರೆಗೆ ಅಕ್ಕ ಬರುತ್ತಾಳೆ. ಸಿಕ್ಕರೆ ಅವಳೇಕೆ ಬರಬೇಕು? ಲೆಕ್ಕ ಇಷ್ಟು ಸರಳವಾಗಿತ್ತು. ಅವಳು ಸುರಪುರದಲ್ಲಿ ಬಸ್ಸು ಬದಲಿಸಿ ಬರುವ ದಿನ ಬೋರ್ಡನ್ನು ಮಂಚದ ಗಾದಿಯ ಕೆಳಗೆ ತಳ್ಳುತ್ತಿದ್ದೆ. ಅವಳು ಅದರ ಮೇಲೆಯೇ ಕೂತು, “ಸಿಕ್ತೇನು?” ಎನ್ನುತ್ತಿದ್ದಳು, ನಾನು ಅಟ್ಟದ ಕಡೆ ಕೈ ತೋರಿಸುತ್ತಿದ್ದೆ. ಒಮ್ಮೆ, “ನಿನ್ನ ಗಾದಿ ಯಾಕೋ ತಗಡ ಆಗ್ಯದ, ಹತ್ತಿ ಹಾಕಿಸು” ಎಂದಳು. ನನ್ನ ಬಾಯಲ್ಲಿದ್ದ ಚಹಾ ಮೂಗಿಗೇರಿತು. ಅವಳು ಹೋದ ಮೇಲೆ ಬೋರ್ಡನ್ನು ಹೊರಗೆ ತೆಗೆದು ಟ್ರಂಕಿನ ಮೇಲೆ ನಿಲ್ಲಿಸಿ, ಒರೆಸಿ, ಅದರೆದುರು ಕೂತು ಉಣ್ಣುತ್ತಿದ್ದೆ. ದೊರೆಸಾನಿ ತಟ್ಟೆ ಚಾಚಿಯೇ ಇರುತ್ತಾಳೆ. ಉಂಡೆಯಾ ಎಂದು ಕೇಳುವ ಭಂಗಿ. ಈ ಮನೆಯಲ್ಲಿ ಅಷ್ಟು ಕೇಳುವವರು ಅವಳೊಬ್ಬಳೇ. ಅಕ್ಕನ ಸಾಲಿಯನ್ನು ಅಡಗಿಸಿಟ್ಟುಕೊಂಡು ಉಣ್ಣುತ್ತಿದ್ದೇನೆ ಎನಿಸಿದ ದಿನ ದೊರೆಸಾನಿಯ ಮುಖವನ್ನು ಗೋಡೆಗೆ ತಿರುಗಿಸಿ ಊಟ ಮುಗಿಸುತ್ತಿದ್ದೆ.

ಹೋದ ತಿಂಗಳು ಬಂದಾಗ ಅಕ್ಕ ರೊಟ್ಟಿ ಬಡಿಯಲಿಲ್ಲ. ಮೊಣಕಾಲು ಹಿಡಿದುಕೊಂಡು ಕೂತವಳು ಹೇಳಿದಳು: “ಇನ್ನ ಬರಾಕ ಆಗಂಗಿಲ್ಲ ತಮ್ಮಾ. ಬಸ್ಸಿನ ಪಾವಟಿಗಿ ಏರಾಕ ಕಾಲು ಬರವಲ್ವು. ಸಿಕ್ರ ಫೋನ್ ಮಾಡು. ಸಿಗಲಿಲ್ಲಂದ್ರ ಬಿಡು. ಮೊಮ್ಮಗಳಿಗೆ ನಿಮ್ಮಜ್ಜಿಗೆ ಸಾಲಿನೇ ಇರಲಿಲ್ಲ ಅಂತ ಹೇಳ್ತೀನಿ.” ಆ ‘ಬಿಡು’ ಎಂಬ ಮಾತನ್ನು ಅವಳು ಬಹಳ ಮೆತ್ತಗೆ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವಾರವೇ ಬೋರ್ಡಿಗೆ ಗೋಣಿಚೀಲ ಸುತ್ತಿಕೊಂಡು ಬಸ್ಸು ಹತ್ತಿದೆ. ಎಲ್ಲ ಒಪ್ಪಿಕೊಂಡುಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಕುಲುಕಾಟಕ್ಕೆ ಚೀಲ ಜಾರಿ ದೊರೆಸಾನಿಯ ಮುಖ ಹೊರಬಂತು. ಕಂಡಕ್ಟರ್ ಬಗ್ಗಿ ನೋಡಿ, “ಯಾರ್ರೀ ಅಜ್ಜಾ ಇಕಿ?” ಎಂದ.

“ನಮ್ಮ ಅಕ್ಕನ ಮಾಸ್ತರಬಾಯಿ ರೀ.”

“ಹಂಗಂದ್ರ ನಿಂದ್ರಸಬ್ಯಾಡ್ರಿ, ಸೀಟಿನ ಮ್ಯಾಲ ಕುಂದ್ರಸ್ರಿ. ಲಗೇಜ್ ಚೀಟಿ ಮಾತ್ರ ತಗೋರಿ.”

ಹುಣಸಗಿಯಲ್ಲಿ ಅಕ್ಕ ಬೋರ್ಡನ್ನು ಗೋಡೆಗೆ ಆನಿಸಿ, ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೆರಳಿಟ್ಟು ಓದಿದಳು. ‘ಋ’ ಬಂದಾಗ ಬೆರಳು ಅಲ್ಲೇ ಒಂದು ಸುತ್ತು ತಿರುಗಿತು. ಆಮೇಲೆ ಅದೇ ಬೆರಳನ್ನು ತಿರುಗಿಸಿ ನೋಡಿಕೊಂಡಳು. “ಅಟ್ಟದಾಗ ಬಿದ್ದಿದ್ದಕ್ಕ ಒಂದು ಚೂರು ಧೂಳು ಇಲ್ಲ. ದಿನಾ ಒರಸಿದಂಗ ಹೊಳೀತದ” ಎಂದಳು. ನನ್ನ ಕಡೆ ನೋಡಲಿಲ್ಲ. ಜೋಡಿಸಿಕೊಂಡು ಹೋಗಿದ್ದ ಮಾತುಗಳನ್ನು ಬಿಟ್ಟು ನಾನು ಗೋಣಿಚೀಲ ಮಡಚತೊಡಗಿದೆ.

“ಇದರ ತಿರುಪು ಎಲ್ಲಿ ಅದಾವ? ಬ್ಯಾರೆ ಮೊಳಿ ಹೊಡದ್ರ ಬಣ್ಣ ಸಿಡೀತದ” ಎಂದಳು ಅಕ್ಕ.

ಹಿತ್ತಾಳೆಯ ನಾಲ್ಕು ತಿರುಪುಗಳು ನನ್ನ ಅಂಗಿಯ ಕಿಸೆಯಲ್ಲಿದ್ದವು. ಕೊಡಲೆಂದೇ ತಂದಿದ್ದೆ. ಕೈ ಕಿಸೆಯ ಕಡೆ ಹೋಯಿತು. ಬಾಯಿ ಮಾತ್ರ ನನ್ನನ್ನು ಕೇಳದೆಯೇ, “ಹುಡುಕಾಕತ್ತೇನಿ ಅಕ್ಕಾ” ಎಂದಿತು.

ಅಕ್ಕ ನನ್ನ ಮುಖ ನೋಡಿದಳು, ಕಿಸೆ ನೋಡಿದಳು. “ಹುಡುಕು. ಗಡಬಡಿ ಏನಿಲ್ಲ. ಸಿಕ್ಕಂಗ ಸಿಕ್ಕಂಗ ನೀನೇ ತಗೊಂಡು ಬಾ” ಎಂದು ಹೇಳಿ, ಗೋಡೆ ಹಿಡಿದು ಎದ್ದು ನನಗೆ ಊಟಕ್ಕಿಡಲು ಒಳಗೆ ಹೋದಳು.

ವಾಪಸು ಬರುವಾಗ ಬಸ್ಸು ಕುಲುಕಿದಾಗಲೆಲ್ಲ ತಿರುಪುಗಳು ಎದೆಗೆ ಚುಚ್ಚುತ್ತಿದ್ದವು. ಚುಚ್ಚಲಿ ಎಂದು ಬಿಟ್ಟೆ. ಇರುವುದು ನಾಲ್ಕು. ನಾಲ್ಕೂ ಒಂದೇ ಸಲ ಸಿಗಬೇಕೆಂಬ ಕಾಯದೆಯೇನೂ ಇಲ್ಲವಲ್ಲ.