ಕೆಂಬರಲು ಕುಡಿದ ನೀರು

ಬಹಳ ಹಿಂದೆ, ಅಧ್ಯಯನ ಪ್ರವಾಸ ಎಂಬ ಸತ್ಕರ್ಮವನ್ನು ಮಂತ್ರಿಗಳು ಆಗಷ್ಟೇ ಕಂಡುಹಿಡಿದಿದ್ದ ಕಾಲದಲ್ಲಿ, ಜೊಂಡಾವತಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸರ್ವಸಮ್ಮತಸೇನರು ಆಳುತ್ತಿದ್ದರು. ಆಸ್ಥಾನದಲ್ಲಿ ಅವರ ಮಾತಿಗೆ ಯಾರೂ ಎದುರಾಡಿದ್ದಿಲ್ಲವಾದ್ದರಿಂದ ಆ ಹೆಸರು ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು. ಅವರ ಜಲಮಂತ್ರಿ ಪುಷ್ಕರಯ್ಯನವರು ಸ್ವಭಾವತಃ ಸಾಧು. ಸಭೆಯಲ್ಲಿ ಯಾವಾಗ ತಲೆಯಾಡಿಸಬೇಕೆಂಬುದು ಅವರಿಗೆ ಗೊತ್ತಿತ್ತು, ಯಾಕೆ ಆಡಿಸಬೇಕೆಂದು ಅವರು ಕೇಳುತ್ತಿರಲಿಲ್ಲ.

ಶುದ್ಧಜಲ ನಿರ್ವಹಣೆಯನ್ನು ಅಭ್ಯಸಿಸಲು ಪುಷ್ಕರಯ್ಯನವರು ಸರ್ಕಾರಿ ಖರ್ಚಿನಲ್ಲಿ ಈಜಿಪ್ಟಿಗೆ ಹೋಗಿ, ನೈಲ್ ನದಿಯ ದೋಣಿಯಲ್ಲಿ ತಂಪುಗಾಳಿಗೆ ನಿದ್ದೆಹೋದರು. ನಡುವೆ ಎಚ್ಚರವಾದಾಗ ದೋಣಿಯ ಮಾರ್ಗದರ್ಶಿ ಒಂದು ಹಕ್ಕಿಯ ವಿಷಯ ಹೇಳುತ್ತಿದ್ದ. ನಮ್ಮ ಗದ್ದೆ ಬಯಲಿನಲ್ಲಿ ಓಡಾಡುವ ಬಿಳಿ ಕೆಂಬರಲಿನ ದಾಯಾದಿಯಂತೆ ಅದು. ಬಿಳಿ ಮೈ, ಬೋಳಾದ ಕರಿ ತಲೆ, ಕುಡುಗೋಲಿನಂತೆ ಬಾಗಿದ ಕೊಕ್ಕು. ಆ ನಾಡಿನ ಹಳೆಯ ಕಾಲದವರ ವಿದ್ಯಾದೇವತೆಗೆ ಇದೇ ಹಕ್ಕಿಯ ತಲೆಯಿತ್ತಂತೆ. ಇದು ಕೆಟ್ಟ ನೀರನ್ನು ಮುಟ್ಟುವುದಿಲ್ಲವೆಂದು ನಂಬಿ, ಪುರೋಹಿತರು ಇದು ಕುಡಿದ ನೀರನ್ನೇ ಮಡಿಗೆ ಬಳಸುತ್ತಿದ್ದರಂತೆ. ಇಷ್ಟು ಕೇಳಿಸಿಕೊಂಡು ಪುಷ್ಕರಯ್ಯನವರು ಮಗ್ಗುಲು ಬದಲಿಸಿದರು. ಊರಿಗೆ ಬಂದು ವರದಿ ಬರೆಯಲು ಕೂತಾಗ ನೀರಿನ ಬಗ್ಗೆ ನೆನಪಿಗೆ ಬಂದದ್ದು ಇದೊಂದೇ.

ವರದಿಯನ್ನು ಓದಿಸಿ ಕೇಳಿದ ಮಹಾರಾಜರು ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದರು.

"ಮಂತ್ರಿವರ್ಯ, ಆ ನೀರಿನಿಂದ ಅವರ ಆರೋಗ್ಯ ಹೇಗಿತ್ತು?"

"ಪ್ರಭು, ಸಾವಿರಾರು ವರ್ಷ ಕಳೆದರೂ ಅವರ ದೇಹಗಳು ಕೆಟ್ಟಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುವುದನ್ನು ನಾನೇ ಕಣ್ಣಾರೆ ಕಂಡೆ."

ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಅಂದೇ ರಾಜಾಜ್ಞೆ ಹೊರಟಿತು. ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಬೀಗ ಬಿತ್ತು. ಅಲ್ಲಿದ್ದ ನೌಕರರನ್ನು ಪಕ್ಷಿ ಅನುಗಾಮಿಗಳೆಂಬ ಹೊಸ ಹುದ್ದೆಗೆ ನಿಯೋಜಿಸಲಾಯಿತು. ಕೆಂಬರಲು ಹೋದಲ್ಲೆಲ್ಲ ಹಸಿರು ಬಾವುಟ ಹಿಡಿದು ಹಿಂದೆ ಓಡುವುದು, ಅದು ಕೊಕ್ಕು ಅದ್ದಿದ ಕಡೆ ಬಾವುಟ ನೆಡುವುದು ಅವರ ಕೆಲಸ. ಬಾವುಟವಿಲ್ಲದ ನೀರನ್ನು ಅಶುದ್ಧವೆಂದು ಪರಿಗಣಿಸಿ ಮುಚ್ಚತಕ್ಕದ್ದು.

ಯೋಜನೆಯ ಉದ್ಘಾಟನೆ ಅರಮನೆಯ ತಾವರೆಗೊಳದ ಬಳಿ ವಾದ್ಯಸಮೇತ ನಡೆಯಿತು. ಗದ್ದೆಯಲ್ಲಿ ಹಿಡಿದು ತಂದಿದ್ದ ಕೆಂಬರಲಿಗೆ ಜರಿಯ ಶಾಲು ಹೊದಿಸಿ ಕೊಳದ ಕಲ್ಲಂಚಿನಲ್ಲಿ ಬಿಟ್ಟರು. ಅದು ತಿಳಿನೀರನ್ನು ನೋಡಿತು, ಶಾಲನ್ನು ಕೊಡವಿತು, ರೆಕ್ಕೆ ಬಿಚ್ಚಿ ಹಾರಿ ಸಂತೆಪೇಟೆಯ ಹಿಂದಿನ ದೊಡ್ಡ ಮೋರಿಯಲ್ಲಿ ಇಳಿಯಿತು. ಅನುಗಾಮಿಗಳು ಬಿದ್ದು ಎದ್ದು ತಲುಪುವ ವೇಳೆಗೆ ಅಲ್ಲಿ ಅದರ ಬಂಧುಬಳಗವೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ಕೊಕ್ಕು ಹುದುಗಿಸಿ ಊಟಕ್ಕೆ ನಿಂತಿತ್ತು.

ಸುದ್ದಿ ಸಭೆಗೆ ಮುಟ್ಟಿತು. ಪುಷ್ಕರಯ್ಯನವರು ಗದ್ದೆ ಸೀಮೆಯಲ್ಲಿ ಹುಟ್ಟಿದವರೇ. ಕೆಂಬರಲು ಎಲ್ಲಿಗಾದರೂ ಹೋಗುವುದು ಹುಳು, ಬಸವನಹುಳು, ಕಪ್ಪೆಮರಿಗಳಿಗಾಗಿಯೇ ಹೊರತು ನೀರಿನ ಗುಣ ಪರೀಕ್ಷಿಸಲಿಕ್ಕಲ್ಲವೆಂದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ದೋಣಿಯ ನಿದ್ದೆಯನ್ನೂ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಆಸ್ಥಾನ ಪಂಡಿತ ವಕ್ರೋಕ್ತಿಭಟ್ಟರು ಕೈಮುಗಿದು ಎದ್ದರು.

"ಪ್ರಭು, ನಮ್ಮ ಮೋರಿಯೇ ಇಷ್ಟು ಪರಿಶುದ್ಧವೆಂದರೆ, ಇದು ತಮ್ಮ ಆಳ್ವಿಕೆಯ ಸಾಧನೆಯಲ್ಲದೆ ಮತ್ತೇನು?"

ಮಹಾರಾಜರ ಕಣ್ಣು ತುಂಬಿ ಬಂತು. ದೊಡ್ಡ ಮೋರಿಯನ್ನು ಮಹಾತೀರ್ಥವೆಂದು ಘೋಷಿಸಲಾಯಿತು. ಅಪರಾಧಿ ತಾವರೆಗೊಳಕ್ಕೆ ಮಣ್ಣು ಸುರಿದರು. ಬಾವಿಗಳದ್ದು ಇನ್ನೂ ಕಷ್ಟ. ಕೆಸರಿನಲ್ಲಿ ನಡೆದಾಡುವ ಹಕ್ಕಿ ಆಳದ ಬಾವಿಗೆ ಇಳಿದು ಕುಡಿಯುವುದುಂಟೆ? ಒಂದಾದ ಮೇಲೊಂದು ಬಾವಿ ನಪಾಸಾಯಿತು. ಪ್ರಜೆಗಳು ಮೂಗು ಮುಚ್ಚಿಕೊಂಡು ಮೋರಿಗೆ ಕೊಡ ಹೊತ್ತರು. ಮಹಾರಾಜರು ಮಾತ್ರ ರಾಜವೈದ್ಯರ ಸಲಹೆಯ ಮೇರೆಗೆ ಎಳನೀರಿಗೆ ಬದಲಾಯಿಸಿಕೊಂಡರು.

ಹೀಗೆ ಬಾವಿ ಮುಚ್ಚುವ ತಂಡ ಬೀದಿಬೀದಿ ದಾಟಿ ಒಂದು ದಿನ ಜಲಮಂತ್ರಿಗಳ ಬೀದಿಗೇ ಬಂತು. ಪುಷ್ಕರಯ್ಯನವರ ಹಿತ್ತಲ ಬಾವಿಯೆಂದರೆ ಊರಿಗೇ ಹೆಸರಾದ ಸಿಹಿನೀರು. ಆ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಬೀದಿಯ ಮನೆಗಳೆಲ್ಲ ಅಡುಗೆಗೆ ಅಲ್ಲಿಂದಲೇ ಸೇದುತ್ತಿದ್ದವು. ಬಾವಿಯನ್ನು ತೋಡಿಸಿದವರು ಅವರ ಪತ್ನಿ ತಿಮ್ಮಾಜಮ್ಮನವರ ತಂದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾವಿಕಟ್ಟೆಯ ಮೇಲೆ ಕೂತ ತಿಮ್ಮಾಜಮ್ಮನವರು ತಂಡವನ್ನು ವಾಪಸು ಕಳಿಸಿ, ಗಂಡನನ್ನು ಕರೆದರು.

"ನಮ್ಮಪ್ಪ ತೋಡ್ಸಿದ ಬಾವಿ ಇದು. ಇದನ್ನ ಮುಚ್ಚೋದಾದ್ರೆ ನನ್ನನ್ನೂ ಒಳಗೆ ಹಾಕಿ ಮುಚ್ಚಿ. ಒಂದು ಬಾವಿ ಉಳ್ಸಕ್ಕಾಗ್ದಿದ್ರೆ ನೀವು ಜಲಮಂತ್ರಿ ಆಗಿ ಏನು ಬಂತು?"

ಪುಷ್ಕರಯ್ಯನವರಿಗೆ ಕುರ್ಚಿಯೂ ಬೇಕಿತ್ತು, ಬಾವಿಯೂ ಬೇಕಿತ್ತು. ಬಾವಿ ಪಾಸಾದರೆ ಎರಡೂ ಉಳಿಯುತ್ತವೆಂದು ಲೆಕ್ಕ ಹಾಕಿ ವಿಶೇಷ ತಪಾಸಣೆಗೆ ಆದೇಶ ಮಾಡಿದರು. ಕೆಂಬರಲನ್ನು ಪಲ್ಲಕ್ಕಿಯಲ್ಲಿ ಕರೆತಂದರು. ಅದು ಬಾವಿಕಟ್ಟೆಯ ಮೇಲೆ ನಿಂತು ಒಳಗೆ ಇಣುಕಿ, ಮಂತ್ರಿಗಳ ಪೇಟದ ಮೇಲೆ ಹಿಕ್ಕೆ ಹಾಕಿ ಹಾರಿಹೋಯಿತು. ಅನುಗಾಮಿ ಅದನ್ನು ಲಿಖಿತ ಆಕ್ಷೇಪಣೆಯೆಂದು ದಾಖಲಿಸಿಕೊಂಡ. ಪುಷ್ಕರಯ್ಯನವರು ಬಾವಿಕಟ್ಟೆ ಒಡೆಸಿ, ಇಳಿಜಾರು ಮಾಡಿಸಿ, ಸುತ್ತ ಸಿಹಿನೀರಿನ ಹೊಂಡ ತುಂಬಿಸಿದರು. ಹಕ್ಕಿ ಅತ್ತ ತಲೆ ಹಾಕಲಿಲ್ಲ. ಹುಳುವಿಲ್ಲದ ನೀರಿನಲ್ಲಿ ಅದಕ್ಕೇನು ಕೆಲಸ?

ಕೆಲವು ದಿನಗಳ ನಂತರ ತಿಮ್ಮಾಜಮ್ಮನವರು ತಂಗಿಯ ಮಗಳ ಸೀಮಂತಕ್ಕೆಂದು ಪಕ್ಕದೂರಿಗೆ ಹೋದರು. ಅವರ ಗಾಡಿ ತಿರುವು ದಾಟಿದ್ದೇ ತಡ, ಜಲಮಂತ್ರಿಗಳು ದೊಡ್ಡ ಮೋರಿಯಿಂದ ತಮ್ಮ ಹಿತ್ತಲಿಗೆ ಕಾಲುವೆ ತೋಡಲು ಮಂಜೂರಾತಿ ನೀಡಿದರು. ಜೊಂಡಾವತಿಯ ಇತಿಹಾಸದಲ್ಲಿ ಆರಂಭಿಸಿದ ದಿನವೇ ಮುಗಿದ ಕಾಮಗಾರಿ ಅದೊಂದೇ. ಸಂಜೆಯ ಹೊತ್ತಿಗೆ ಕಪ್ಪು ನೀರು ಗಳಗಳ ಹರಿದು ಬಾವಿಗೆ ಇಳಿಯಿತು. ಪುಷ್ಕರಯ್ಯನವರು ಪಕ್ಕದಲ್ಲಿ ನೋಡುತ್ತ ನಿಂತರು. ಮದುವೆಯಾದಾಗಿನಿಂದ ಉಂಡ ಸಾರೆಲ್ಲ ಆ ಬಾವಿಯದೇ ತಾನೆ. ಒಂದು ಗಳಿಗೆ ಕಾಲುವೆಗೆ ಅಡ್ಡಗಟ್ಟೆ ಹಾಕಿಸೋಣವೆಂದೂ ಅನ್ನಿಸಿತು. ಅಷ್ಟರಲ್ಲಿ ಬಾವಿ ತುಂಬಿ ತುಳುಕಿ ಹಿತ್ತಲು ಕೆಸರಾಯಿತು, ಆಕಾಶದಿಂದ ಬಿಳಿ ರೆಕ್ಕೆಗಳು ಇಳಿದವು. ಅನುಗಾಮಿ ಬಾವುಟ ನೆಟ್ಟು ಅಭಿನಂದಿಸಿದ.

ಮಂತ್ರಿಗಳ ಮನೆಯಲ್ಲಿ ಬಾವಿಯೊಂದು ಪಾಸಾದ ಸುದ್ದಿಗೆ ಮಹಾರಾಜರು ಸ್ವತಃ ಆನೆ ಏರಿ ಬಂದರು. ಶಾಮಿಯಾನದ ಕೆಳಗೆ ನಿಂತು, ರಾಜ್ಯದ ಮುಚ್ಚಿದ ಬಾವಿಗಳನ್ನೆಲ್ಲ ತೆರೆಸಿ ಈ ಮಾದರಿಯಲ್ಲೇ ಮಹಾತೀರ್ಥಕ್ಕೆ ಜೋಡಿಸತಕ್ಕದ್ದೆಂದೂ, ವೆಚ್ಚವನ್ನು ಬಾವಿಯ ನೀರು ಬಳಸುವವರೇ ಶುದ್ಧಿ ಸುಂಕವಾಗಿ ಭರಿಸತಕ್ಕದ್ದೆಂದೂ ಘೋಷಿಸಿದರು. ಕೆಂಬರಲಿಗೆ ಚಿನ್ನದ ಕಿರೀಟ ತೊಡಿಸಿ ಜಲಮಹಾಮಂತ್ರಿಯ ಪಟ್ಟ ಕಟ್ಟಿದರು. ಕಿರೀಟ ಬೋಳುತಲೆಯಿಂದ ಜಾರಿ ಕೊಕ್ಕಿನಲ್ಲಿ ನೇತಾಡಿತು. ವಕ್ರೋಕ್ತಿಭಟ್ಟರು ಅದನ್ನು ವಿನಯವೆಂದು ವರ್ಣಿಸಿದರು. ಪುಷ್ಕರಯ್ಯನವರು ಇನ್ನು ಮುಂದೆ ಅದರ ಕೈಕೆಳಗೆ ಉಪಮಂತ್ರಿ. ಬಾವಿಯ ಮಾಲೀಕರೆಂಬ ಗೌರವಕ್ಕೆ ಮೊದಲ ಲೋಟ ಅವರೇ ಕುಡಿಯಬೇಕೆಂದು ಅಪ್ಪಣೆಯಾಯಿತು.

ಆ ಹೊತ್ತಿಗೆ ಸೀಮಂತದಿಂದ ಮರಳಿದ್ದ ತಿಮ್ಮಾಜಮ್ಮನವರು ನೇರ ಬಾವಿಯ ಬಳಿಗೆ ನಡೆದರು. ಹಗ್ಗ ಬೇಕಾಗಲಿಲ್ಲ. ಬಗ್ಗಿ ಬೆಳ್ಳಿ ಲೋಟ ಮುಳುಗಿಸಿ, ತುಂಬ ತುಂಬಿ, ಸೆರಗಿನಿಂದ ಅಂಚು ಒರೆಸಿ ಗಂಡನಿಗೆ ಕೊಟ್ಟರು.

"ಕುಡೀರಿ. ಬಾವಿ ಉಳಿಸ್ಕೊಂಡ್ರಲ್ಲ."

ಪುಷ್ಕರಯ್ಯನವರು ಮಹಾರಾಜರ ಮುಖ ನೋಡಿದರು, ಕಣ್ಣು ಮುಚ್ಚಿಕೊಂಡು ಒಂದೇ ಗುಟುಕಿಗೆ ಲೋಟ ಬರಿದು ಮಾಡಿದರು. ಹೇಗಿದೆಯೆಂದು ಮಹಾರಾಜರು ಕೇಳಿದ್ದಕ್ಕೆ, ಸಿಹಿಯಾಗಿದೆ ಪ್ರಭು ಎಂದರು. ಶಾಮಿಯಾನದ ತುಂಬ ಚಪ್ಪಾಳೆ ಬಿತ್ತು. ಹಿತ್ತಲ ಬಾಗಿಲಲ್ಲಿ ಬೀದಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಮೊದಲು ಸುಂಕ, ಆಮೇಲೆ ನೀರು ಎಂದು ಕಾವಲುಗಾರ ಕೈಚಾಚಿದ. ಮಹಾತೀರ್ಥಕ್ಕೂ ಅದೇ ಸುಂಕ ಬಿದ್ದಿತ್ತು, ಬೇರೆ ನೀರು ಊರಿನಲ್ಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಅವರು ಸೆರಗಿನ ಗಂಟು ಬಿಚ್ಚಿದರು.