ಡಬ್ಬೀಲಿ ಯಾವ್ದದೆ ಸಿಸ್ಟರಮ್ಮ?

ಹಸುಗೂಸುಗಳ ಮಧ್ಯೆ ಕೆಲಸ ಮಾಡೋಳು ನಾನು. ಆದರೆ ನನ್ನನ್ನು ಪೇಚಿಗೆ ಸಿಕ್ಕಿಸೋದು ಕೂಸುಗಳಲ್ಲ, ಅವುಗಳ ಅಜ್ಜಿಯರು.

ಮೈಸೂರಿನ ಮಕ್ಕಳ ಡಾಕ್ಟರೊಬ್ಬರ ಸಂಶೋಧನೆಗೆ ನಾನು ನರ್ಸು. ಕೆಲವು ಮಕ್ಕಳಿಗೆ ಹಾಲು ಅಂದರೆ ಅಲರ್ಜಿ. ಹಾಲಿನ ಪ್ರೊಟೀನನ್ನು ಮೊದಲೇ ಚೂರುಚೂರು ಮಾಡಿದ ಪುಡಿ ಕೊಟ್ಟರೆ ಆ ಅಪಾಯ ಕಡಿಮೆಯಾಗುತ್ತಾ ಅಂತ ನೋಡಬೇಕು. ತಾಯಿ ಹಾಲು ಸಾಲದ ಕೂಸುಗಳಿಗೆ ಮಾತ್ರ. ಕೆಲವಕ್ಕೆ ಈ ಪುಡಿ, ಕೆಲವಕ್ಕೆ ಮಾಮೂಲಿ ಪುಡಿ. ಡಬ್ಬಿ ಮೇಲೆ ಬರೀ ನಂಬರು. ಯಾರಿಗೆ ಯಾವುದು ಅಂತ ಮನೆಯವರಿಗೂ ಗೊತ್ತಾಗಬಾರದು, ನನಗೂ ಗೊತ್ತಾಗಬಾರದು.

ಒಂಟಿಕೊಪ್ಪಲಿನ ಒಂದೇ ಮನೆ ಸಾಕು ನನ್ನ ಗೋಳು ಹೇಳಕ್ಕೆ.

೧. ಬೆಕ್ಕಿನ ತೀರ್ಪು

ಆ ಮನೆಯ ದೊಡ್ಡ ಮಗನಿಗೆ ಒಂದು ತೊಟ್ಟು ಹಾಲು ತಾಗಿದರೂ ತುಟಿ ಊದಿಕೊಳ್ಳುತ್ತೆ. ಒಮ್ಮೆ ಉಸಿರು ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದರು. ಅವತ್ತೇ ಹಾಲಿನವನಿಗೆ ಬರಬೇಡ ಅಂದುಬಿಟ್ಟರು. ಈಗ ಎರಡನೇದು, ಹೆಣ್ಣು ಕೂಸು. ಇದಕ್ಕೂ ಹಾಗೇ ಆಗಿಬಿಟ್ಟರೆ ಅನ್ನೋ ಭಯದಲ್ಲಿ ತಾಯಿ ಬಡವಾಗಿದ್ದಳು. ಅಜ್ಜಿಗೆ ಭಯಕ್ಕಿಂತ ಕುತೂಹಲ ಜಾಸ್ತಿ.

“ಡಬ್ಬೀಲಿ ಯಾವ್ದದೆ ಸಿಸ್ಟರಮ್ಮ?”

“ನನಗೂ ಗೊತ್ತಿಲ್ಲ ಅಜ್ಜಿ. ಆ ನಂಬರಿನ ಗುಟ್ಟು ಸೀಲು ಮಾಡಿದ ಲಕೋಟೇಲಿದೆ.”

ಮುಂದಿನ ಸಲ ಹೋದಾಗ ಅಜ್ಜಿ ತಾವೇ ಪರೀಕ್ಷೆ ಮುಗಿಸಿದ್ದರು. “ಒಂದು ಚಮಚ ಕಲಸಿ ಬೆಕ್ಕಿಗಿಟ್ಟೆ ಕಣವ್ವ. ಮೂಸ್ಬುಟ್ಟು ಎದ್ದೋಯ್ತು. ಮಾಮೂಲಿ ಹಾಲಿನ ಪುಡಿಯಾಗಿದ್ರೆ ಬುಡ್ತಿತ್ತಾ?”

ಗುಟ್ಟು ಕಾಯೋಕೆ ನಮ್ಮ ಡಾಕ್ಟರು ಮನೆಯವರ ಹತ್ತಿರ ನಾಕು ಪುಟಕ್ಕೆ ಸಹಿ ಹಾಕಿಸಿಕೊಂಡಿದ್ದರು. ಬೆಕ್ಕಿನ ಸಹಿ ಬಿಟ್ಟುಹೋಗಿತ್ತು.

೨. ಅಜ್ಜಿ ಕಾಫಿ

ಕಾಫಿ ವಿಷಯದಲ್ಲಿ ನಾನು ಸ್ವಲ್ಪ ಮುಂಗೋಪಿ. ಆ ಮನೆ ಕಾಫಿಗೆ ಕಹಿ, ಒಗರು, ಜೊತೆಗೆ ಎಂಥದೋ ವಾಸನೆ. ಚಿಕೋರಿ ಸುರಿದಿದ್ದಾರೆ ಅಂತ ಮನಸಲ್ಲೇ ಬೈಕೊಳ್ತಿದ್ದೆ. ಲೋಟ ಖಾಲಿಯಾಗೋ ತನಕ ಅಜ್ಜಿ ಎದುರಿಗೇ ನಿಂತಿರೋರು. ಬೇಗ ಮುಗಿದರೆ ಸಾಕು ಅಂತ ಗಟಗಟ ಕುಡಿದರೆ, ರುಚಿಯಾಯ್ತು ಅಂದ್ಕೊಂಡು ಇನ್ನರ್ಧ ಲೋಟ ಹಾಕೋರು.

“ಬೇಡ ಅನ್ನಬಾರದಾ?” ಅಂತ ನಮ್ಮ ಯಜಮಾನರು ಕೇಳಿದರು.

“ನೀವೊಂದು ಸಲ ಬಂದು ಅಂದು ನೋಡಿ” ಅಂದೆ.

೩. ತೂಕ

ಪ್ರತಿ ಸಲ ಕೂಸಿನ ತೂಕ, ಡಬ್ಬಿಯಲ್ಲಿ ಉಳಿದ ಪುಡಿಯ ತೂಕ ಬರೆದುಕೊಂಡು ಬರಬೇಕು. ಕೂಸು ಚೆನ್ನಾಗೇ ಬೆಳೀತಿತ್ತು, ಆದರೆ ಖಾಲಿಯಾದ ಪುಡಿಗೆ ತಕ್ಕಷ್ಟಲ್ಲ.

“ಇಷ್ಟು ಪುಡಿ ಹೋಗಿದೆ. ತೂಕ ಎಲ್ಲಿಗೆ ಹೋಯ್ತು ಸಿಸ್ಟರ್?” ಅಂದರು ಡಾಕ್ಟರು.

“ತಿಳೀತಿಲ್ಲ ಸಾರ್” ಅಂದೆ. ಆ ತಿಂಗಳು ನನ್ನ ರವಿಕೆ ಎಲ್ಲ ಬಿಗಿಯಾಗ್ತಿದ್ದವು, ಅದು ಬೇರೆ ತಲೆನೋವು.

೪. ಪರೀಕ್ಷೆಯ ದಿನ

ಕೂಸಿಗೆ ವರ್ಷ ತುಂಬಿತು. ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೇ, ನಿಜವಾದ ಹಸುವಿನ ಹಾಲು ಕುಡಿಸಿ ನೋಡೋ ದಿನ. ಮೊದಲು ಒಂದು ತೊಟ್ಟು. ಆಮೇಲೆ ಒಂದು ಚಮಚ. ಕಾಯೋದು, ಮತ್ತೆ ಸ್ವಲ್ಪ. ತಾಯಿ ಕೂಸಿನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲೋಟ ಖಾಲಿ. ತುಟಿ ಇದ್ದ ಹಾಗೇ ಇತ್ತು, ಕೂಸು ಇನ್ನೂ ಬೇಕು ಅಂತ ಲೋಟದ ಅಂಚು ಕಚ್ಚುತ್ತಿತ್ತು.

“ಅಲರ್ಜಿ ಇಲ್ಲ. ಆದರೆ ಇದು ಪುಡಿಯಿಂದಲೇ ಅಂತ ಈಗ ಹೇಳಕ್ಕಾಗಲ್ಲ, ಎಲ್ಲ ಮಕ್ಕಳದ್ದೂ ಮುಗೀಬೇಕು” ಅಂದರು ಡಾಕ್ಟರು. ತಾಯಿ ಎರಡನೇ ಮಾತು ಕೇಳಿಸಿಕೊಳ್ಳಲೇ ಇಲ್ಲ, ಅಳುತ್ತಿದ್ದಳು. ಸುಳ್ಳು ಯಾಕೆ, ನಾನೂ ಅತ್ತೆ.

ಅಜ್ಜಿ ಕ್ಯಾಂಟೀನಿಂದ ಎಲ್ಲರಿಗೂ ಕಾಫಿ ತರಿಸಿದರು. ನನ್ನ ಕೈಗೆ ಲೋಟ ಕೊಡುವಾಗ ಮುಖ ಸಣ್ಣ ಮಾಡಿಕೊಂಡರು. “ನಿಮ್ಗೆ ಇದು ಹಿಡಿಸ್ತದೋ ಇಲ್ವೋ ಕಣವ್ವ. ಇದ್ರಲ್ಲಿ ಹಾಲದೆ.”

“ನಿಮ್ಮನೆ ಕಾಫೀಲಿ?”

“ನಮ್ಮನೇಗೆ ಹಾಲೆಲ್ಲಿ ಬತ್ತದೆ? ಬಂದೋರ್ಗೆ ಕರೀ ಕಾಫಿ ಕೊಟ್ಟು ಕಳ್ಸಾಕಾಯ್ತದಾ? ಕೂಸಿನ ಡಬ್ಬೀದೇ ಎರಡು ಚಮಚ ಹಾಕ್ತಿದ್ದೆ.”

ಬೆಕ್ಕು ಮೂಸಿ ಬಿಟ್ಟಿದ್ದನ್ನು ನಾನು ವರ್ಷವೆಲ್ಲ ಸಲಕ್ಕೆ ಒಂದೂವರೆ ಲೋಟದ ಹಾಗೆ ಕುಡಿದಿದ್ದೆ.

ಡಾಕ್ಟರು ನಗಲಿಲ್ಲ. ಕೂಸುಗಳ ಫಾರಂ ಒಂದನ್ನು ಎಳೆದುಕೊಂಡರು. “ಡಬ್ಬಿ ಪುಡಿ ಬೇರೆ ಯಾರು ಸೇವಿಸಿದ್ದರೂ ದಾಖಲೆ ಆಗಬೇಕು ಸಿಸ್ಟರ್. ವಯಸ್ಸು?”

“ನಲವತ್ತೆಂಟು ಸಾರ್.”

“ಇದರಲ್ಲಿ ತಿಂಗಳಲ್ಲೇ ಬರೀಬೇಕು” ಅಂದು ಗುಣಿಸಿ ಬರೆದರು, ಐನೂರ ಎಪ್ಪತ್ತಾರು. ಮುಂದಿನ ಸಾಲಿಗೆ ಬೆರಳಿಟ್ಟರು. “ಹಲ್ಲು ಬಂದಿದೆಯಾ?”

ನಾನು ಬಾಯಿ ತೆರೆದೆ, ಮಾತು ಹೊರಡೋ ಮುಂಚೆ ಅಜ್ಜಿ ಒಳಗೆ ದವಡೆ ನೋಡಿ ಹೇಳಿದರು, “ಬಂದು ಎರಡು ಉದುರೂ ಹೋಗವೆ, ಬರ್ಕೊಳಿ.”